ಚೀನಿಯವನ ಹೋಟೆಲಿನ ಕಡಬು

"ಅದು ತಿನಬ್ಯಾಡ್ರೀ, ಒಳಗ ಮಾಂಸ ಅದ."

ಮುಂಬಯಿ ಬಂದರಿನ ಚೀನಿ ಹೋಟೆಲಿನಲ್ಲಿ ನಮ್ಮ ನಿಲಂಗಾ ಕಡೆಯ ಕನ್ನಡ ಕೇಳಿ ನನ್ನ ಕೈ ಬಿದಿರಿನ ಬುಟ್ಟಿಯ ಮೇಲೇ ನಿಂತಿತು. ನಿಜಾಮರ ಸೀಮೆ ದಾಟಿ ಹತ್ತಿ ಮಾರಲು ಹೋಗಿದ್ದೆ. ಹತ್ತಿಯ ದಲ್ಲಾಳಿ ಅಲ್ಲಿಗೆ ಊಟಕ್ಕೆ ಕರೆತಂದಿದ್ದ. ಹಬೆಯಲ್ಲಿ ಬೆಂದ ಆ ಬಿಳಿ ಕಡಬು ಅವ್ವ ಮಾಡುವ ಕಡಬಿನ ಹಾಗೇ ಇತ್ತು. ತಲೆಯೆತ್ತಿ ನೋಡಿದೆ. ನನ್ನ ಹಣೆಯ ವಿಭೂತಿ ಕಂಡು ಎಚ್ಚರಿಸಿದ ಆ ಹೆಂಗಸು ನನ್ನ ಅಕ್ಕ ಗೌರವ್ವ.

ವಿಧವೆಯಾಗಿ ಉದಗೀರದ ಅತ್ತೆಮನೆಯಲ್ಲಿದ್ದ ಅಕ್ಕ ಪ್ಲೇಗಿನಲ್ಲಿ ತೀರಿಕೊಂಡಳು, ಮಣ್ಣೂ ಮಾಡಿದೆವು ಎಂದು ಎಂಟು ವರ್ಷದ ಹಿಂದೆ ಆ ಮನೆಯವರು ಹೇಳಿಕಳಿಸಿದ್ದರು.

ಅವಳಿಗೂ ಗುರುತು ಸಿಕ್ಕಿತು. ಎದುರಿಗೆ ಬಂದು ಕೂತಳು.

"ಜ್ವರ ಬಂದಕೂಡ್ಲೆ ನನ್ನ ಹೊಲದ ಗುಡಸಲದಾಗ ಬಿಟ್ಟು ಹೋದ್ರು. ನಾ ಸಾಯಲಿಲ್ಲ, ತಮ್ಮಾ."

ಯಾರೋ ದಾರಿಹೋಕರು ನೀರು ಕುಡಿಸಿ ಬದುಕಿಸಿ, ಮುಂಬಯಿಗೆ ಕರೆದೊಯ್ದಿದ್ದರಂತೆ. ಒಲೆಯ ಮುಂದೆ ನಿಂತ ಚೀನಿ ಅಡುಗೆಯವನು ಈಗ ಅವಳ ಗಂಡ. ಊರಿಗೆ ಬಾ ಎಂದೆ. ಅವಳು ಒಲ್ಲೆನೆಂದು ತಲೆ ಅಲ್ಲಾಡಿಸಿ ಒಳಗೆ ಹೋದಳು; ಬರೀ ಸೊಪ್ಪು ತುಂಬಿದ ನಾಲ್ಕು ಕಡಬು ಬೇಯಿಸಿ ತಂದಿಟ್ಟಳು.

"ಅವ್ವಗ ಹೇಳಬ್ಯಾಡ. ಒಮ್ಮೆ ಅತ್ತಾಳ, ಸಾಕು."

ನಾಲ್ಕನ್ನೂ ತಿಂದೆ.

ಅವ್ವನಿಗೆ ಓದು ಬಾರದು. ಆ ಧೈರ್ಯದ ಮೇಲೆ ಇದನ್ನು ಬರೆದೆ. ಪ್ರತಿ ಅಮಾವಾಸ್ಯೆಗೆ ಅವಳು ಸತ್ತ ಮಗಳ ಹೆಸರಿನಲ್ಲಿ ಎಡೆ ಇಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಕೈಮುಗಿಯುತ್ತೇನೆ.