ಮಣ್ಣಿನ ಎಡಗೈ

ಸತ್ತವರು ಬರುತ್ತಾರೆ, ಕೂರುತ್ತಾರೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಹಾಗೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ಆಗ ನಾವು ಗೋವಿನಕೋವಿಯಲ್ಲಿದ್ದೆವು. ಪಕ್ಕದ ಮನೆಯ ಗೌರಮ್ಮನ ಗಂಡ ಎತ್ತುಗಳ ಮೈ ತೊಳೆಯಲು ಹೋಗಿ ಹೊಳೆಯ ಸೆಳವಿಗೆ ಸಿಕ್ಕ. ಎತ್ತುಗಳು ಮನೆಗೆ ಬಂದವು, ಅವನು ಬರಲಿಲ್ಲ. ಹೊನ್ನಾಳಿ ಸೇತುವೆ ದಾಟಿ ಹುಡುಕಿದರೂ ಹೆಣ ಸಿಗಲಿಲ್ಲ.

ಗೌರಮ್ಮನನ್ನು ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಗಂಡನ ಕೊರಳ ಇಷ್ಟಲಿಂಗದ ಶಿವದಾರ ಹರಿದಿತ್ತು. ಹೊಸದು ಕಟ್ಟಿಕೊಡು ಅಂತ ಎರಡು ದಿನ ಕೇಳಿದ್ದನಂತೆ. ಇವಳು ನಾಳೆ, ನಾಳೆ ಅಂದಿದ್ದಳು. ಆ ದಿನ ಅವನು ಕೊರಳಲ್ಲಿ ಲಿಂಗವಿಲ್ಲದೆ ನೀರಿಗಿಳಿದ.

"ಬರಿಗೈಲಿ ಕಳಿಸಿಬಿಟ್ಟೆ ಕಣಕ್ಕಾ" ಅನ್ನುತ್ತ ಊಟ ಬಿಟ್ಟು ಕೂತಿದ್ದಳು.

ಒಂಬತ್ತನೇ ದಿನ ಅವಳ ಅತ್ತೆ ನನ್ನ ಹತ್ತಿರ ಬಂದಳು. ಊರಲ್ಲಿ ಯಾರಿಗೇ ಮಣ್ಣಿನ ಒಲೆ ಬೇಕಾದರೂ ನನ್ನನ್ನೇ ಕರೆಯುತ್ತಿದ್ದರು.

"ಒಂದು ಮಣ್ಣಿನ ಮೈ ಮಾಡಿಕೊಡವ್ವ. ಅವನು ಮುಳುಗಿದ ಕಡೆಯ ಮಣ್ಣೇ ಆಗಬೇಕು. ಜೀವ ಅದರಾಗೆ ಬಂದು ಕೂರ್ತೈತೆ. ಆಮೇಲೆ ಮಣ್ಣು ಮಾಡಾಣ."

"ನಾನು ಒಲೆ ಹಾಕೋಳು ಕಣಜ್ಜಿ, ಗಂಡಸರನ್ನ ಮಾಡಾಕೆ ಬರಲ್ಲ."

"ನನ್ನ ಮಗ ನಿನ್ನ ಒಲೆಗಿಂತ ಚೆಂದ ಏನಿರಲಿಲ್ಲ ಬಿಡು. ಮಾಡು" ಅಂದಳು ಮುದುಕಿ. ಕಣ್ಣು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಮಣ್ಣಿಗೆ ಹೊಟ್ಟು ಕಲಸಿ, ನಮ್ಮಲ್ಲಿ ಹೆಣವನ್ನು ಕೂರಿಸಿ ಹೂಳುವ ಹಾಗೆ ಕಾಲು ಮಡಚಿ ಕೂತ ಎರಡು ಮೊಳದ ಆಳು ಮಾಡಿದೆ. ಮೂಗು ಇಟ್ಟೆ, ಕಣ್ಣು ಬಿಡಿಸಲಿಲ್ಲ. ಮಡಿಲಲ್ಲಿ ಲಿಂಗ ಇಡಲು ಎಡಗೈ ಅಂಗಾತ, ಬೆರಳು ಚಾಚಿಕೊಂಡು. ಮಧ್ಯಾಹ್ನ ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಗೌರಮ್ಮ ಹೊಸ ಶಿವದಾರ ಕಟ್ಟಿದ ಲಿಂಗವನ್ನು ಆ ಅಂಗೈ ಮೇಲಿಟ್ಟಳು. ಆಮೇಲೆ ಗಂಡಸರೆಲ್ಲ ಕುಣಿ ತೋಡಲು ಹೋದರು. ಪಡಸಾಲೆಯಲ್ಲಿ ನಾವು ಮೂರೇ ಹೆಂಗಸರು. ಯಾರೂ ಅದರ ಹತ್ತಿರ ಹೋಗಲಿಲ್ಲ, ನಾನು ಎದುರಿಗೇ ಕೂತಿದ್ದೆ.

ಗಂಡಸರು ಬಂದು ಎತ್ತುವಾಗ ನೋಡಿದೆ. ಐದು ಬೆರಳೂ ಲಿಂಗದ ಮೇಲೆ ಮಡಚಿಕೊಂಡಿದ್ದವು.

ಹಸಿ ಮಣ್ಣು ಕೆಳಕ್ಕೆ ಜೋಲುತ್ತದೆ, ಮೇಲಕ್ಕೆ ಏಳುವುದಿಲ್ಲ. ಒಣಗಿ ಬಾಗಿದರೆ ಬಿರುಕು ಬಿಡಬೇಕು. ಯಾರಾದರೂ ಮಡಚಿದ್ದರೆ ಒತ್ತಿದ ಗುರುತು ಇರಬೇಕು. ಒಂದೂ ಇರಲಿಲ್ಲ. ನಾನು ನೀರು ಸವರಿದ ನುಣುಪು ಹಾಗೇ ಇತ್ತು.

ಗೌರಮ್ಮ ಚೀರಲಿಲ್ಲ. "ಹಿಡ್ಕಂಡ" ಅಂದಳು, ಅಷ್ಟೆ. ಅವತ್ತು ಸಂಜೆ ಎರಡು ತುತ್ತು ಉಂಡಳು.

ಹೊಳೆಯ ಮಣ್ಣೇ ಅವನನ್ನು ಕರೆತಂದಿತು ಅಂತ ಊರೆಲ್ಲ ಮಾತಾಡಿಕೊಂಡಿತು. ಗೌರಮ್ಮನೂ ಕೊನೆಯ ತನಕ ಹಾಗೇ ಹೇಳಿದಳು. "ಹೌದು" ಅಂತ ನಾನೂ ತಲೆಯಾಡಿಸುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು, ಅದಕ್ಕೇ ಈಗ ಬರೆಯುತ್ತಿದ್ದೇನೆ. ಅದು ಹೊಳೆಯ ಮಣ್ಣಲ್ಲ. ಇಷ್ಟಕ್ಕೆಲ್ಲ ಅಷ್ಟು ದೂರದಿಂದ ಯಾರು ಹೊರುತ್ತಾರೆ ಅಂತ, ಒಲೆಗೆಂದು ಹಿತ್ತಲಲ್ಲಿ ತಂದು ಹಾಕಿದ್ದ ಕೆರೆ ಮಣ್ಣನ್ನೇ ಕಲಸಿದ್ದೆ.

ಹಾಗಾದರೆ ಆ ಕೈ ಮುಚ್ಚಿದ್ದು ಹೇಗೆ? ನನಗೆ ಗೊತ್ತಿಲ್ಲ. ಉಳಿದ ಮಣ್ಣು ಎಷ್ಟೋ ವರ್ಷ ಹಿತ್ತಲಲ್ಲೇ ಬಿದ್ದಿತ್ತು. ಅದರಲ್ಲಿ ಒಲೆ ಹಾಕಲು ನನಗೆ ಮನಸ್ಸಾಗಲಿಲ್ಲ.