ನೀರಡಿಸಿದ ಮೋಟಾರು

1938ರ ಮಾತು. ಆಗ ನನಗೆ ಇಪ್ಪತ್ತೈದರ ಆಸುಪಾಸು. ಅಫಜಲಪುರದ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇಟ್ಟಿದ್ದೆ. ಈಗ ಐವತ್ತು ದಾಟಿರುವ ನಾನು ಬಾಗಿಲಿಗೆ ಕೀಲಿ ಹಾಕಿ, ಓಣಿಯ ತುದಿಯವರೆಗೆ ಹೋಗಿ, ಮತ್ತೆ ತಿರುಗಿ ಬಂದು ಕೀಲಿ ಜಗ್ಗಿ ನೋಡುವ ಮನುಷ್ಯ. ಆಗಲೂ ಹಾಗೇ ಇದ್ದೆ. ಇಂಥವನು ಒಂದು ಕಾಲಕ್ಕೆ ಓಟದ ಮೋಟಾರು ಕೊಂಡಿದ್ದನೆಂದರೆ ನನ್ನ ಮಕ್ಕಳೇ ನಂಬುವುದಿಲ್ಲ.

ಕಾರಣ ನಮ್ಮವ್ವ, ನೀಲವ್ವ. ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದ ಮೇಲೆ ಅವಳ ಸೊಂಟ ಎತ್ತಿನ ಗಾಡಿಯ ಕುಲುಕಾಟ ತಾಳುತ್ತಿರಲಿಲ್ಲ. ಬಸ್ಸು ಆ ದಾರಿಗಿರಲಿಲ್ಲ. ಹೀಗಾಗಿ ತವರೂರು ನಿಂಬರ್ಗಾಕ್ಕೆ ಹೋಗುವುದೇ ತಪ್ಪಿತ್ತು. ಅಲ್ಲಿ ನಮ್ಮ ಅಜ್ಜಿ ಇದ್ದಳು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಮಾಡಿದ ಅಡುಗೆಯನ್ನೆಲ್ಲ ಹೊಲಕ್ಕೆ ಒಯ್ದು, ಅದರಲ್ಲೊಂದು ಪಾಲನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲಿ, ಭೂಮಿತಾಯಿ ಉಂಡ ಮೇಲೆಯೇ ಮನೆಯವರು ಉಣ್ಣುವುದು. ಅಜ್ಜಿ ಚರಗ ಚೆಲ್ಲುವಾಗ ಬುಟ್ಟಿ ಹಿಡಿಯುವವಳು ಅವ್ವ. ಆ ವರ್ಷ ಅಜ್ಜಿ ಹೇಳಿ ಕಳಿಸಿದ್ದಳು: "ನೀಲವ್ವ ಬರೋತನಕ ನಾ ಈ ಸಲ ಚರಗ ಚೆಲ್ಲಾಂಗಿಲ್ಲ. ಮುಂದಿನ ಅಮಾಸಿಗಿ ನಾ ಇರ್ತೀನೋ ಇಲ್ಲೋ." ಅಜ್ಜಿ ಹಟ ಹಿಡಿದರೆ ಹೊಲದ ತುಂಬ ಜನ ಉಪವಾಸ ಕೂತಂತೆಯೇ. ಅವ್ವ ಹಿತ್ತಲಿಗೆ ಹೋಗಿ ಬಹಳ ಹೊತ್ತು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಅವ್ವನಿಗೆ ಮೋಟಾರು ಬೇಕಿತ್ತು, ಸರಿ. ಓಟದ ಮೋಟಾರೇ ಏಕೆಂದರೆ, ಹಿಂದೆ ಸೊಲ್ಲಾಪುರದ ಗಿರಣಿಯಲ್ಲಿ ಗುಮಾಸ್ತನಾಗಿದ್ದಾಗ ಕೆಂಪನೆಯ ತಗ್ಗು ಮೋಟಾರೊಂದು ನನ್ನ ಧೋತರ ಹಾರಿಸಿಕೊಂಡು ಪಕ್ಕದಲ್ಲೇ ಹೋಗಿತ್ತು. ಹೆದರಿ ಗೋಡೆಗೆ ಅಂಟಿಕೊಂಡಿದ್ದೆ. ಅವತ್ತಿನಿಂದ ಅದೇ ಕನಸು. ಮಾಲಕರ ಲಾರಿಯ ಮೇಲೆ ಗಾಡಿ ಹೊಡೆಯುವುದನ್ನೂ ಕಲಿತೆ. ಆದರೆ ನನ್ನ ಕೈಯಲ್ಲಿದ್ದ ದುಡ್ಡಿಗೆ ಹೊಸ ಮೋಟಾರಿನ ಗಾಲಿಗಳಷ್ಟೇ ಬರುತ್ತಿದ್ದವು.

ನಿಂಬರ್ಗಾದಿಂದ ಅವ್ವನ ಅಣ್ಣ ಸಿದ್ರಾಮ ಮಾವ ಬಂದ. ಮೋಟಾರಿನ ಗಂಧ ಅವನಿಗಿರಲಿಲ್ಲ. ಎತ್ತು ಕೊಳ್ಳುವುದರಲ್ಲಿ ಮಾತ್ರ ಸುತ್ತಲಿನ ಊರವರೆಲ್ಲ ಅವನನ್ನೇ ಕರೆಯುತ್ತಿದ್ದರು. ನನ್ನ ಚಿಂತೆ ಕೇಳಿ ನಕ್ಕ.

"ಶರ್ಯತ್ತಿನ್ಯಾಗ ಓಡಿದ ಎತ್ತು ವಯಸ್ಸಾದ ಮ್ಯಾಲ ಅಗ್ಗ ಸಿಗ್ತಾವ ಅಳಿಯಾ. ಹೊಲಾ ಊಳೋ ಗಳೇಕ್ಕ ಬರಂಗಿಲ್ಲ ಅಂತ ರೈತ್ರು ಮುಟ್ಟಂಗಿಲ್ಲ. ಆದ್ರ ಒಂದು ದಿನ ಹೊತ್ತಿಗಿ ಸರಿ ಮುಟ್ಟಬೇಕಂದ್ರ ಅವೇ ಬೇಕು. ನಡಿ, ನಾ ನೋಡ್ತೀನಿ."

ಮೊದಲು ಜೇವರ್ಗಿಯಲ್ಲಿ ಒಬ್ಬ ವ್ಯಾಪಾರಿಯ ಮೋಟಾರು ನೋಡಿದೆವು. ಹೊಸ ಬಣ್ಣ ಬಳಿದು ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಮನಸ್ಸಾಯಿತು. ಮಾವ ಒಂದು ಸುತ್ತು ಬಂದು ನನ್ನ ಕಿವಿಯಲ್ಲಿ, "ಕೋಡಿಗಿ ಬಣ್ಣ ಹಚ್ಚಿ ಸಂತಿಗಿ ತಂದಾರಂದ್ರ ಹಲ್ಲು ಉದುರ್ಯಾವ ಅಂತನೇ ಅರ್ಥ. ನಡಿ," ಎಂದು ಎಳೆದುಕೊಂಡು ಹೊರಟ.

ಎರಡನೆಯದು ಆಳಂದದಲ್ಲಿ. ಜಮೀನ್ದಾರರ ಮಗನೊಬ್ಬ ಪಂದ್ಯದಲ್ಲಿ ಓಡಿಸಿ, ಬೇಸರ ಬಂದು, ಜೋಳದ ಕಣಕಿಯ ಬಣವೆಯ ಪಕ್ಕ ನಿಲ್ಲಿಸಿದ್ದ ಕೆಂಪು ಮೋಟಾರು. ಮುಂದೆ ಇಬ್ಬರಿಗೆ ಜಾಗ, ಹಿಂದೆ ಮುಚ್ಚಳ ತೆಗೆದರೆ ಒಬ್ಬ ಕೂರುವಷ್ಟು ಪೆಟ್ಟಿಗೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಳಗೆ ಕೋಳಿ ಮಲಗಿತ್ತು. ನಾನು ಸುತ್ತ ಬಂದು ಒಂದೊಂದನ್ನೇ ಮುಟ್ಟಿ ನೋಡತೊಡಗಿದೆ. ಬ್ರೇಕು ಹಿಡಿಯದಿದ್ದರೆ? ಟೈರು ಒಡೆದರೆ? ಹಾರ್ನು ಊದದಿದ್ದರೆ? ಹೀಗೆ ಚಿಂತೆಯನ್ನೆಲ್ಲ ಹಂಚಿ ಮುಗಿಸಿದ್ದರಿಂದ ರೇಡಿಯೇಟರಿನ ಪಾಲಿಗೆ ಏನೂ ಉಳಿದಿರಲಿಲ್ಲ.

ಊರ ಹೊರಗಿನ ಬಾವಿಯವರೆಗೆ ಓಡಿಸಿ ತಂದೆ. ಬಾಣದಂತೆ ಹೋಯಿತು. ಮರಳಿ ಬರುವಷ್ಟರಲ್ಲಿ ಮೂತಿಯಿಂದ ಬುಸುಬುಸು ಆವಿ. ಆಳು ಕೊಡ ತಂದು ಹೊಯ್ದ. ಮೋಟಾರು ಕೊಡಪೂರ್ತಿ ಗಟಗಟ ಇಳಿಸಿಬಿಟ್ಟಿತು.

ಮಾವನ ಮುಖ ಅರಳಿತು. "ನೋಡಿದ್ಯಾ! ಓಡಿ ಬಂದ ಕೂಡ್ಲೇ ಹಿಂಗ ನೀರು ಕುಡಿಯೋ ಎತ್ತು ಜೀವಕ್ಕ ಗಟ್ಟಿ ಇರ್ತದ."

"ಮಾವಾ, ಕೆಳಗ ಸೋರಾಕತ್ತದರಿ..."

"ಕುಡದದ್ದು ಹೊರಗ ಬರಬ್ಯಾಡೇನು? ಒಳಗ ಇಟ್ಕೊಂಡ್ರ ಹೊಟ್ಟಿ ಉಬ್ತದಲೇ!"

ಅಷ್ಟು ಹೇಳಿ, ಸಂತೆಯಲ್ಲಿ ಮಾಡುವಂತೆ ತನ್ನ ಟವೆಲ್ಲನ್ನು ಸಣ್ಣ ಧಣಿಯ ಕೈಮೇಲೆ ಹಾಕಿ, ಒಳಗೆ ಬೆರಳು ಹಿಡಿದು ದರ ಹೇಳತೊಡಗಿದ. ಆ ಹುಡುಗನಿಗೆ ಆ ಭಾಷೆ ಬಾರದು. ಪ್ರೀತಿಯಿಂದ ಕೈ ಹಿಡಿದಿದ್ದಾನೆಂದುಕೊಂಡು ತಾನೂ ಹಿಚುಕಿದ. ಅದನ್ನು ಮಾವ ಒಪ್ಪಿಗೆ ಎಂದು ಘೋಷಿಸಿದ. ಕೂಡಿದವರೆಲ್ಲ ನಕ್ಕರು, ಹುಡುಗನೂ ನಕ್ಕ. ಮೋಟಾರು ನಮ್ಮದಾಯಿತು.

ಎಳ್ಳ ಅಮಾವಾಸ್ಯೆಯ ದಿನ ಬೆಳಕು ಹರಿಯುತ್ತಲೇ ಹೊರಟೆವು. ಕೌದಿ ಮಡಚಿ ಹಾಸಿ ಅವ್ವನನ್ನು ಪಕ್ಕದಲ್ಲಿ ಕೂಡಿಸಿದೆ. ಅವಳ ತೊಡೆಯ ಮೇಲೆ ಅಜ್ಜಿಗಾಗಿ ಕಾಸಿದ ಜೋಳದ ಅಂಬಲಿಯ ಗಡಿಗೆ. ಹಿಂದಿನ ಪೆಟ್ಟಿಗೆಯಲ್ಲಿ ಮಾವ, ಅವನ ಎರಡೂ ಬಗಲಲ್ಲಿ ನೀರಿನ ಕೊಡ.

ಓಟದ ಮೋಟಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಒಂದು ಊರು ದಾಟುವಷ್ಟರಲ್ಲಿ ಕೊಡಗಳು ಖಾಲಿ. ಮುಂದಿನ ಊರಿನ ಬಾವಿ ಬಂದಾಗ ಮತ್ತೆ ಸೇದುವುದು. ನಿಂತಲ್ಲೆಲ್ಲ ನೀರಿಗೆ ಬಂದ ಹೆಂಗಸರು ಸುತ್ತುವರಿಯುತ್ತಿದ್ದರು.

"ಯಾರು, ನಿಂಬರ್ಗಾದ ನೀಲವ್ವ ಅಲ್ಲೇನ ಬೇ? ಸತ್ತೇ ಹೋದಿ ಅಂದಿದ್ರಲ್ಲ!"

"ಇನ್ನಾ ಇಲ್ಲ ಬೇ. ಮಗ ಮೋಟಾರ್ ತಂದಾನ, ಇವತ್ತೇ ಮುಗಿಸ್ತಾನೋ ಏನೋ," ಎಂದು ಅವ್ವ ನಗುತ್ತಿದ್ದಳು. ಮೋಟಾರು ಎಂದರೆ ಹೀಗೆ ಬಾವಿಬಾವಿಗೂ ನಿಂತು ಮಾತಾಡಿಸಿಕೊಂಡು ಹೋಗುವ ವಸ್ತು ಎಂದೇ ಅವಳು ತಿಳಿದಂತಿತ್ತು. ಅವಳಿಗೆ ಹಬ್ಬ. ನಾನು ಮಾತ್ರ ಏರುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದೆ.

ಇನ್ನೂ ನಾಲ್ಕಾರು ಮೈಲಿ ಇರುವಾಗ, ಎರಡೂ ಕಡೆ ತೊಗರಿ ಹೊಲಗಳ ನಡುವೆ, ಮೋಟಾರು ಆವಿ ಬಿಟ್ಟು ನಿಂತಿತು. ಕೊಡದಲ್ಲಿ ಹನಿ ನೀರಿಲ್ಲ. ಬಾವಿಯ ಸುಳಿವಿಲ್ಲ. ಸೂರ್ಯ ನೆತ್ತಿಯ ಹತ್ತಿರ. ದೂರದ ಹೊಲಗಳಲ್ಲಿ ಚರಗ ಚೆಲ್ಲುವವರ ಕೂಗು ಆಗಲೇ ಕೇಳಿಸುತ್ತಿತ್ತು. ಅವ್ವನ ನಗು ನಿಂತಿತು.

"ಅವ್ವ ಮುಂಜಾನಿಂದ ಏನೂ ತಿಂದಿರಂಗಿಲ್ಲ ಅಣ್ಣಾ. ಅಕಿ ಹಟ ನಿನಗ ಗೊತ್ತಲ್ಲ," ಎಂದಳು ಮಾವನಿಗೆ, ಅಜ್ಜಿಯನ್ನು ನೆನೆದು. ಬಳಿಕ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚತೊಡಗಿದಳು. "ನೀರಿಲ್ಲಂದ್ರೇನು, ಅಂಬಲಿ ಅದ. ಹೊಯ್ರಿ ಇದನ್ನೇ."

"ಅವ್ವಾ, ಹುಚ್ಚು ಹಿಡಿದದೇನು? ಎಂಜಿನ್ ಕೆಟ್ಟು ಹೋಗ್ತದ!"

"ದಣಿದ ಎತ್ತಿಗಿ ಅಂಬಲಿ ಕುಡಸಾಂಗಿಲ್ಲೇನಲೇ?" ಎಂದ ಮಾವ. "ಆರೂತನ ತಡಿ. ಆಮ್ಯಾಲ ಹೊಯ್ಯೋಣ."

ಆರುವವರೆಗೆ ನಾನು ದಾರಿಯಲ್ಲಿ ಶತಪಥ ಹಾಕಿದೆ. ನನ್ನ ಉಳಿತಾಯವೆಲ್ಲ ಆ ಮೂತಿಯೊಳಗಿತ್ತು. ಅದಕ್ಕೆ ಅಂಬಲಿ! ಆದರೆ ಅವ್ವ ಗಡಿಗೆ ಹಿಡಿದು ನಿಂಬರ್ಗಾದ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು. ಕೊನೆಗೆ ನಾನೇ ಅವಳ ಕೈಯಿಂದ ಗಡಿಗೆ ಇಸಿದುಕೊಂಡು, ಕಣ್ಣು ಮುಚ್ಚಿ, ತಳದ ಗಟ್ಟಿಯವರೆಗೂ ಹೊಯ್ದುಬಿಟ್ಟೆ.

ಎಂಜಿನ್ ಕೆಮ್ಮಿತು, ಗುರುಗುಟ್ಟಿತು, ಹಿಡಿಯಿತು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಬಗ್ಗಿ ನೋಡಿದೆ. ಸೋರುವುದು ನಿಂತಿತ್ತು! ಕಾದ ಜೋಳದ ಗಂಜಿ ರೇಡಿಯೇಟರಿನ ಬಿರುಕಿಗೆ ಮೆತ್ತಿಕೊಂಡಿರಬೇಕೆಂದು ಆಮೇಲೆ ಅದನ್ನು ತೊಳೆದ ಮಿಸ್ತ್ರಿ ಹೇಳಿದ, ನನ್ನ ಜನ್ಮವನ್ನೇ ಬೈಯುತ್ತ.

ಆ ದಿನ ಮೊದಲ ಸಲ ಮೋಟಾರು ತನ್ನ ಜಾತಿಗೆ ತಕ್ಕಂತೆ ಓಡಿತು. ಓಡಿದಷ್ಟೂ ಕುಲುಕು ಕಡಿಮೆಯಾಯಿತು. ಹಿಂದೆ ಖಾಲಿ ಕೊಡಗಳ ಢಣಢಣ, ಅದರ ಮೇಲೆ ಮಾವನ ಹೋ ಎಂಬ ಕೂಗು. ನಾನು ಎಂದಿನಂತೆ ಹೆದರಿ ಕಾಲು ಸಡಿಲಿಸಿದರೆ ಅವ್ವ ಹಾರುವ ಸೆರಗನ್ನು ಹಲ್ಲಲ್ಲಿ ಕಚ್ಚಿ, ಇನ್ನೂ ಜೋರಾಗಿ ಎಂಬಂತೆ ನನ್ನ ತೊಡೆಗೆ ಹೊಡೆದಳು. "ಇನ್ನಾ ಬಿಡೋ ತಮ್ಮಾ, ಇನ್ನಾ ಬಿಡು!"

ಹೊಲದ ಬದುವಿನಲ್ಲಿ ಅಜ್ಜಿ ಚರಗದ ಬುಟ್ಟಿಯ ಮುಂದೆ ಕೂತಿದ್ದಳು. ಹಸಿದ ಮಂದಿ ಸುತ್ತ ಗೊಣಗುತ್ತಿದ್ದರು. ಅವ್ವ ಇಳಿದು ಹೋಗಿ ಅವಳ ಕೈ ಹಿಡಿದಳು. ಮಂಜುಗಣ್ಣಿನ ಅಜ್ಜಿ ತಡವರಿಸುತ್ತ ಬಂದು ಮೋಟಾರಿನ ಮೂತಿಯ ಹತ್ತಿರ ಮೂಸಿ ನೋಡಿದಳು.

"ಯವ್ವಾ, ಇದರ ಉಸಿರು ಅಂಬಲಿ ವಾಸನಿ ಹೊಡಿಯಾಕತ್ತದಲ್ಲ!"

"ನಿನ್ನ ಪಾಲಿಂದು ಅದೇ ಕುಡದದವ್ವಾ," ಎಂದ ಮಾವ.

"ಕುಡೀಲಿ ಬಿಡು. ನನ್ನ ಮಗಳ್ನ ಹೊತ್ತು ತಂದದ." ಮೊದಲ ಹಿಡಿ ಚರಗವನ್ನು ಅಜ್ಜಿ ಗಾಲಿಯ ಮುಂದೆ ಚೆಲ್ಲಿ, ಆಮೇಲೆ ಬೆಳೆಯ ಕಡೆ ತಿರುಗಿದಳು. ಅವ್ವ ಬುಟ್ಟಿ ಹಿಡಿದು ಪಕ್ಕದಲ್ಲಿ ನಡೆದಳು. ನನಗೆ ಮಾತ್ರ ಎಂಜಿನ್ನಿಗೆ ಇರುವೆ ಹತ್ತಿದರೆ ಏನು ಗತಿ ಎಂಬ ಹೊಸ ಚಿಂತೆ ಹತ್ತಿತು.

ಮುಂದಿನ ಎಳ್ಳ ಅಮಾವಾಸ್ಯೆಗೆ ಅಜ್ಜಿ ಇರಲಿಲ್ಲ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಪೆಟ್ರೋಲು ಸಿಗದಾದಾಗ ಮೋಟಾರು ಮಾರಿದೆ. ಕೊಳ್ಳಲು ಬಂದವನಿಗೆ ಮಾವ ಹೇಳಿದ್ದು ಒಂದೇ ಮಾತು: "ನೀರು ಚಲೋ ಕುಡೀತದರಿ."

ಈಗ ಅವ್ವನೂ ಇಲ್ಲ, ಮಾವನೂ ಇಲ್ಲ. ನಾನು ಬಸ್ಸಿನಲ್ಲಿ ಹೋದರೂ ಮುಂದಿನ ಸರಳನ್ನು ಗಟ್ಟಿಯಾಗಿ ಹಿಡಿದೇ ಕೂರುತ್ತೇನೆ. ಆದರೆ ಎಳ್ಳ ಅಮಾವಾಸ್ಯೆಯ ಮುಂಜಾನೆ ಅಡುಗೆಮನೆಯಿಂದ ಅಂಬಲಿಯ ವಾಸನೆ ಬಂತೆಂದರೆ ಸಾಕು, ಕುಳಿತಲ್ಲೇ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಇನ್ನಾ ಬಿಡೋ ತಮ್ಮಾ, ಇನ್ನಾ ಬಿಡು.