ಚೀಟಿ ಬರೆಯುವ ಹಕ್ಕು

ಹೊಟ್ಟೆಕಿಚ್ಚಿಗೊಂದು ಮಾತ್ರೆ ಇದ್ದಿದ್ದರೆ ಡೆಲ್ಫಿನಾ ಒಟೆರೊ ದಿನಕ್ಕೆ ಮೂರು ನುಂಗುತ್ತಿದ್ದಳು. ಡೆಮಿಂಗ್ ಎಂಬ ಸಣ್ಣ ಊರಿನಲ್ಲಿ ಇಪ್ಪತ್ತೆರಡು ವರ್ಷ ಜನರ ಸಂಕಟ ಕೇಳಿದ ಮನಶ್ಶಾಸ್ತ್ರಜ್ಞೆ ಅವಳು. ಕೇಳಬಹುದಿತ್ತು, ಔಷಧ ಬರೆಯುವಂತಿರಲಿಲ್ಲ. ಮನೋವೈದ್ಯರು ಬೇಕೆಂದರೆ ದೂರದ ಊರಿಗೆ ಹೋಗಿ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಈ ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞರಿಗೂ ಔಷಧದ ಪಾಠ ಹೇಳಿ, ಪರೀಕ್ಷೆ ಮಾಡಿ, ಚೀಟಿ ಬರೆಯುವ ಹಕ್ಕು ಕೊಡುತ್ತಾರೆ. ಡೆಲ್ಫಿನಾ ಓದಿದಳು, ಅವಳ ಕೈಕೆಳಗೇ ಕೆಲಸ ಕಲಿತ ಇಸಿಡ್ರಾಳೂ ಓದಿದಳು. ಇಸಿಡ್ರಾ ಪಾಸು. ಡೆಲ್ಫಿನಾ ಎರಡು ಸಲ ಡುಮ್ಕಿ.

ನಿನ್ನೆ ಮೊನ್ನೆ ಬಂದವಳ ಬಾಗಿಲಲ್ಲಿ ಜನ ಸಾಲುಗಟ್ಟಿದರೆ ಯಾರಿಗೆ ತಾನೇ ಉರಿಯುವುದಿಲ್ಲ? ಒಂಬತ್ತು ವರ್ಷ ಡೆಲ್ಫಿನಾಳ ಎದುರು ಕೂತು ಅತ್ತ ಮೆಣಸಿನಕಾಯಿ ಬೆಳೆಗಾರ ಯುಸೇಬಿಯೊ ಕೂಡ ಇಸಿಡ್ರಾಳಿಂದ ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಮಾತ್ರೆ ಬರೆಸಿಕೊಂಡ. ಮಾತಾಡಲು ಮಾತ್ರ ಮಂಗಳವಾರ ಮಂಗಳವಾರ ಇವಳ ಹತ್ತಿರವೇ ಬರುತ್ತಿದ್ದ.

"ನೀವು ಒಂಬತ್ತು ವರ್ಷ ಮಾತಾಡ್ಸಿದ್ರಿ ಡಾಕ್ಟರಮ್ಮ, ಆ ಹುಡುಗಿ ಮೂರೇ ವಾರದಲ್ಲಿ ನಿದ್ದೆ ಬರಿಸಿದ್ಳು," ಎಂದು ನಗುತ್ತಾ ಮಂಡಿ ನೀವಿಕೊಂಡ. "ಈಗ ಇದೊಂದೇ ಕಾಟ. ದಿನಾ ಮೂರು ನೋವಿನ ಮಾತ್ರೆ ಬೇಕು."

"ಇಸಿಡ್ರಾಗೆ ಹೇಳಿದ್ರಾ?"

"ಬೇರೆ ಔಷಧ ಏನು ತಗೋತೀರಿ ಅಂದ್ಳು. ಏನೂ ಇಲ್ಲ ಅಂದೆ. ದಿನಸಿ ಅಂಗಡೀಲಿ ಸಿಗೋದು ಔಷಧಾನಾ?"

ಈ ಊರಲ್ಲಿ ಎಲ್ಲರ ಲೆಕ್ಕವೂ ಅದೇ. ಪಟ್ಟಣದಲ್ಲಿ ಬೆಳೆದ ಇಸಿಡ್ರಾಗೆ ಅದು ಗೊತ್ತಿರಲಿಲ್ಲ. ಆ ನೋವಿನ ಮಾತ್ರೆ ಲಿಥಿಯಂ ಜೊತೆ ಸೇರಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆಂದು ಎರಡೆರಡು ಸಲ ಓದಿದ್ದ ಡೆಲ್ಫಿನಾಗೆ ಚೆನ್ನಾಗಿ ಗೊತ್ತಿತ್ತು. ಇಸಿಡ್ರಾ ಎಲ್ಲ ಬಲ್ಲವಳಲ್ಲವೇ, ಅವಳೇ ಕಂಡುಹಿಡಿಯಲಿ ಎಂದುಕೊಂಡಳು. ಹೇಳಲಿಲ್ಲ.

ಮುಂದಿನ ಮಂಗಳವಾರ ಯುಸೇಬಿಯೊ ತೂರಾಡುತ್ತಾ ಬಂದ. ಕೈ ನಡುಗಿ ಕಾಫಿಯೆಲ್ಲ ಅಂಗಿಗೆ ಚೆಲ್ಲಿತು, ನಾಲಗೆ ತೊದಲಿತು. ಡೆಲ್ಫಿನಾ ಓಡಿಹೋಗಿ ಇಸಿಡ್ರಾಗೆ ನೋವಿನ ಮಾತ್ರೆಯ ವಿಷಯ ಹೇಳಿದಳು. ಆಂಬುಲೆನ್ಸ್ ಬಂತು. ಸಂಜೆ ಹೊತ್ತಿಗೆ, ಜೀವಕ್ಕೆ ಅಪಾಯವಿಲ್ಲ ಎಂದು ಆಸ್ಪತ್ರೆಯಿಂದ ಫೋನ್ ಬಂತು.

ಇಸಿಡ್ರಾ ಕುರ್ಚಿಯಲ್ಲಿ ಕುಸಿದು ಅಳುತ್ತಿದ್ದಳು. "ನೀವಿಲ್ದಿದ್ರೆ ನಾನು ಕೊಂದೇಬಿಡ್ತಿದ್ದೆ ಅಕ್ಕ. ನಾಳೆನೇ ಲೈಸೆನ್ಸ್ ವಾಪಸ್ ಕೊಡ್ತೀನಿ. ಈ ಕೆಲಸ ನನ್ನ ಕೈಲಾಗಲ್ಲ."

ಡೆಲ್ಫಿನಾಗೆ ಮೊದಲು ಆದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದಿಂದ ಬೇಡಿಕೊಂಡದ್ದು ಅದನ್ನೇ. ಸುಮ್ಮನಿದ್ದರೆ ಸಾಕಿತ್ತು. ಆ ಸಂತೋಷ ಕಂಡು ಅವಳಿಗೇ ಹೇಸಿಗೆಯಾಯಿತು.

"ಕೊಡ್ಬೇಡ," ಎಂದಳು. "ನನಗೆ ಹೋದ ಮಂಗಳವಾರವೇ ಗೊತ್ತಿತ್ತು."